ಟೇಲರ್ ಸಾಹೇಬನ ದಾರಿ

ಜಹೀರಾಬಾದ್ ದಾಟಿ ಕರ್ನಾಟಕದ ಗಡಿಯೊಳಗೆ ಬಂದರೆ ಹೈದರಾಬಾದ್–ಸೋಲಾಪುರ ಹೆದ್ದಾರಿಯ ಮೇಲೆ ಮೊದಮೊದಲಿಗೆ ಸಿಗುವ ದೊಡ್ಡ ಊರು ಮನ್ನಾಏಖೇಳ್ಳಿ. ಬೀದರಿನಿಂದ ಚಿಂಚೋಳಿಗೆ ಹೋಗುವ ರಸ್ತೆ ಇಲ್ಲಿಯೇ ಹೆದ್ದಾರಿಯನ್ನು ಅಡ್ಡ ಹಾಯುತ್ತದೆ. ಹೀಗಾಗಿ ನಾಲ್ಕೂ ದಿಕ್ಕಿನ ಜನ ಇಲ್ಲಿ ಇಳಿಯುತ್ತಾರೆ, ಚಾ ಕುಡಿಯುತ್ತಾರೆ, ಬಸ್ಸು ಬದಲಿಸುತ್ತಾರೆ. ಒಂದೇ ಬೆಂಚಿನ ಮೇಲೆ ಕನ್ನಡ, ತೆಲುಗು, ಮರಾಠಿ, ದಖನಿ ಉರ್ದು ಕೇಳಿಸುತ್ತವೆ. ಮಾತಾಡುವವರಿಗೆ ತಾವು ಯಾವಾಗ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿದೆವು ಎಂಬ ಪರಿವೆಯೇ ಇರುವುದಿಲ್ಲ. ಮೊದಲು ಹುಮನಾಬಾದ್ ತಾಲೂಕಿನಲ್ಲಿದ್ದ ಊರು ಈಗ ಚಿಟಗುಪ್ಪ ತಾಲೂಕಿಗೆ ಸೇರಿದೆ. ಸುತ್ತ ತೊಗರಿ, ಸೋಯಾ, ಉದ್ದು. ಕೆಲವು ಹೊಲ ಕೆಂಪು, ಅದರ ಮಗ್ಗುಲಲ್ಲೇ ಎರೆಯ ಕಪ್ಪು.

ನಾನು ಈ ದಾರಿ ಹಿಡಿದದ್ದು ಒಬ್ಬ ಲೇಖಕನ ಸಲುವಾಗಿ. ಹೆಸರು ಫಿಲಿಪ್ ಮೆಡೋಸ್ ಟೇಲರ್. ಸುರಪುರದ ಕಡೆಯವರಿಗೆ ಈ ಹೆಸರು ಹೊಸದಲ್ಲ. ಅಲ್ಲಿ ಗುಡ್ಡದ ಮೇಲೆ ಆತ ಕಟ್ಟಿಸಿಕೊಂಡ ಬಂಗಲೆಗೆ ಇವತ್ತಿಗೂ ಟೇಲರ್ ಮಂಜಿಲ್ ಎಂದೇ ಹೆಸರು. ಆದರೆ ಸುರಪುರಕ್ಕೆ ಹೋಗುವ ಎಷ್ಟೋ ವರ್ಷ ಮೊದಲೇ, ಹದಿನೆಂಟರ ಹುಡುಗನಾಗಿದ್ದಾಗ, ಆತ ಕೆಲಸ ಕಲಿತದ್ದು ಹೈದರಾಬಾದಿನಿಂದ ಪಶ್ಚಿಮಕ್ಕೆ ಹೋಗುವ ಈ ದಾರಿಯ ಸೀಮೆಯಲ್ಲಿ. ಪೂರ್ವಕ್ಕೆ ಸದಾಶಿವಪೇಟೆ, ಪಶ್ಚಿಮಕ್ಕೆ ತುಳಜಾಪುರ, ನಡುವೆ ಕುದುರೆಯ ಮೇಲೆ ಊರಿಂದೂರಿಗೆ ತಿರುಗಾಟ. ಅಧಿಕಾರಿಯಾಗಿ ಬಂದವನೊಬ್ಬ ಬರಹಗಾರನಾದದ್ದು ಹೇಗೆ ಎಂಬುದು ನನ್ನನ್ನು ಬಹಳ ದಿನದಿಂದ ಕಾಡಿದ ಪ್ರಶ್ನೆ. ಆತನ ಆತ್ಮಕಥೆ ಕೈಚೀಲದಲ್ಲಿತ್ತು. ಪುಸ್ತಕದೊಳಗಿನ ದಾರಿಯನ್ನು ನೆಲದ ಮೇಲೆ ನೋಡಬೇಕೆನಿಸಿತು.

ಚಾ ಅಂಗಡಿಯಲ್ಲಿ ಪಕ್ಕಕ್ಕೆ ಕೂತಿದ್ದ ಹಿರಿಯರೊಬ್ಬರು ಮಾತಿಗೆಳೆದರು. ಬಿಳಿ ಧೋತರ, ತಲೆಗೆ ಟೋಪಿ, ಕಿಸೆಯಲ್ಲಿ ಇನ್ನೂ ಎರಡು ಪೆನ್ನು.

“ಎಲ್ಲಿಗಿ ಹೊಂಟೀರಿ ಸರ?”

“ಕಲ್ಯಾಣಕ್ಕ ಕಾಕಾ. ಅಲ್ಲಿಂದ ಮುಂದ ನಳದುರ್ಗಕ್ಕ.”

“ಏನ್ ಕೆಲಸದ ಮ್ಯಾಲ?”

ಹೇಳಿದೆ. ನೂರತೊಂಬತ್ತು, ಇನ್ನೂರು ವರ್ಷದ ಹಿಂದೆ ಈ ಭಾಗದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಬಿಳಿಯನೊಬ್ಬ ಜನರಿಂದ ಕೇಳಿದ್ದನ್ನೆಲ್ಲ ಆಮೇಲೆ ಕಾದಂಬರಿ ಮಾಡಿ ಬರೆದ, ಅವನು ತಿರುಗಾಡಿದ ಸೀಮೆ ನೋಡಲಾಕ ಹೊಂಟೀನಿ ಅಂದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ತಾವು ಗಿರದಾವರರಾಗಿದ್ದು ನಿವೃತ್ತರಾದವರೆಂದು ಹೇಳಿಕೊಂಡರು.

“ಹೊಲ ಅಳೀಲಾಕ ಹೋದಾಗ ನಾವು ಕೇಳದ ಕಥಿ ಇಲ್ಲ ನೋಡ್ರಿ. ಅಣ್ಣತಮ್ಮರ ಜಗಳ, ಸಾಲ, ತವರುಮನಿ ಕಳಕೊಂಡ ಹೆಣ್ಮಕ್ಕಳ ಅಳು, ಎಲ್ಲಾ ಬಾಂದದ ಮ್ಯಾಲ ಕುಂತು ಹೇಳ್ತಿದ್ರು. ಪಂಚನಾಮಾದಾಗ ನಾವು ಬರದದ್ದು ಇಷ್ಟೇ: ಪೂರ್ವಕ್ಕ ಇಂಥವರ ಹೊಲ, ಪಶ್ಚಿಮಕ್ಕ ಹಳ್ಳ.”

“ಉಳಿದದ್ದು ಕಾಕಾ?”

“ಉಳಿದದ್ದು ನನ್ನ ಜೋಡಿನೇ ಹೋಗ್ತದ.”

ಬಸ್ಸು ಬಂತು. ಹುಮನಾಬಾದಿನ ತನಕ ನನಗೆ ಈ ಮಾತೇ ತಲೆಯಲ್ಲಿ. ಸರ್ಕಾರಿ ಕೆಲಸದವನ ಮುಂದೆ ಜನ ತೆರೆದಿಡುವಷ್ಟು ಬದುಕನ್ನು ಬಹುಶಃ ಬೇರೆ ಯಾರ ಮುಂದೆಯೂ ತೆರೆದಿಡುವುದಿಲ್ಲ. ಅವನ ಕೈಲಿ ಅಧಿಕಾರವಿದೆ, ಹೇಳಿದರೆ ಏನಾದರೂ ಆದೀತು ಎಂಬ ಆಸೆ ಅವರದು. ಅವನ ಕಾಗದದಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ. ಟೇಲರನ ಇಡೀ ಬರವಣಿಗೆ ಹುಟ್ಟಿದ್ದು ಕಾಗದಕ್ಕೆ ಒಗ್ಗದೆ ಹೊರಗೆ ಉಳಿದ ಆ ಮಾತುಗಳಿಂದ ಎಂದು ನನ್ನ ನಂಬಿಕೆ.

ಆತ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ಹದಿನೈದು ತುಂಬಿದಾಗ, 1824ರಲ್ಲಿ, ಮುಂಬಯಿಯ ವ್ಯಾಪಾರಿಯೊಬ್ಬನ ಅಂಗಡಿಯಲ್ಲಿ ಗುಮಾಸ್ತೆಯಾಗಲು ಹಡಗು ಹತ್ತಿದ. ಬಂದು ನೋಡಿದರೆ ಅಂಗಡಿಯೇ ಮುಳುಗುವ ಸ್ಥಿತಿಯಲ್ಲಿತ್ತು. ತಾಯಿಯ ಕಡೆಯ ಬಂಧುವೊಬ್ಬರು ಮುಂಬಯಿ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಅವರ ಕೈಯಿಂದ ನಿಜಾಮನ ಸೈನ್ಯದಲ್ಲಿ ಒಂದು ಕೆಲಸ ಸಿಕ್ಕಿತು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಈಸ್ಟ್ ಇಂಡಿಯಾ ಕಂಪನಿಯ ಸಿವಿಲ್ ಅಧಿಕಾರಿಗಳು ಇಂಗ್ಲೆಂಡಿನ ಹೇಲಿಬರಿ ಕಾಲೇಜಿನಲ್ಲಿ ಓದಿ, ಕರಾರುಪತ್ರಕ್ಕೆ ಸಹಿ ಹಾಕಿ, ದೊಡ್ಡ ಸಂಬಳ, ದೊಡ್ಡ ಪಿಂಚಣಿಯ ಭರವಸೆಯೊಂದಿಗೆ ಬರುತ್ತಿದ್ದವರು. ಟೇಲರ್ ಆ ಪಂಕ್ತಿಯವನಲ್ಲ. ಸೈನಿಕನ ಉಡುಪಿನಲ್ಲಿ ಸಿವಿಲ್ ಕೆಲಸ ಮಾಡಿದ, ನಿಜಾಮನ ಚಾಕರಿಯ ಮನುಷ್ಯ. ಕಾಲೇಜು ಕಲಿಸಬೇಕಾದದ್ದನ್ನು ಮುನ್ಷಿಗಳು ಮತ್ತು ಊರ ಜನ ಕಲಿಸಿದರು. ಉರ್ದು, ಮರಾಠಿ ಚೆನ್ನಾಗಿ ಬಂದವು. ಭಾಷೆ ಬಂದದ್ದರಿಂದಲೇ, ಹದಿನೆಂಟರ ಎಳೆ ವಯಸ್ಸಿನಲ್ಲಿ, ರಾಜ್ಯದ ನೈಋತ್ಯ ಭಾಗದ ಸಹಾಯಕ ಪೊಲೀಸ್ ಸೂಪರಿಂಟೆಂಡೆಂಟನ ಜವಾಬ್ದಾರಿ ಸಿಕ್ಕಿತು.

ಆಗಿನ ಈ ಸೀಮೆಯನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಒಂದು ಊರು ಪಾಯಗಾ ಅಮೀರರದು, ಪಕ್ಕದ್ದು ಜಾಗೀರಿನದು, ಅದರಾಚೆಯದು ನಿಜಾಮನ ಸ್ವಂತದ್ದು. ಕಲ್ಯಾಣದಲ್ಲಿ ಬೇರೆಯೇ ನವಾಬರ ಮನೆತನ. ಒಂದರಲ್ಲಿ ಕದ್ದವನು ಹಳ್ಳ ದಾಟಿ ಇನ್ನೊಂದರಲ್ಲಿ ನಿಂತರೆ ಹಿಡಿಯುವವರಿಲ್ಲ. ವ್ಯಾಪಾರಿಗಳು, ಯಾತ್ರಿಕರು, ರಜೆಯ ಮೇಲೆ ಊರಿಗೆ ಹೋಗುವ ಸಿಪಾಯಿಗಳು ಗುಂಪುಗಟ್ಟಿಕೊಂಡೇ ನಡೆಯುತ್ತಿದ್ದರು. ಆ ಗುಂಪಿನೊಳಗೆ ಒಳ್ಳೆಯ ಮಾತಾಡುತ್ತ ಸೇರಿಕೊಳ್ಳುವವರು ಠಕ್ಕರು. ಕೆಲವು ಹಗಲು ಜೊತೆಗೇ ನಡೆದು, ಜೊತೆಗೇ ಉಂಡು, ಗೊತ್ತಾದ ಜಾಗದಲ್ಲಿ ರುಮಾಲಿನಿಂದ ಕುತ್ತಿಗೆ ಬಿಗಿಯುತ್ತಿದ್ದರು. ಹೂಳಲು ಕುಳಿ ಮೊದಲೇ ಸಿದ್ಧ. ಹೋದವನು ಯಾಕೆ ತಲುಪಲಿಲ್ಲ ಎಂದು ಮನೆಯವರು ವಿಚಾರಿಸುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತಿದ್ದವು.

ಟೇಲರನಿಗೆ ತನ್ನ ಸೀಮೆಯಲ್ಲಿ ಏನೋ ನಡೆದಿದೆ ಎಂಬ ವಾಸನೆ ಹತ್ತಿತ್ತು. ಆದರೆ ಬೆನ್ನು ಹತ್ತುವಷ್ಟರಲ್ಲಿ ಕೆಲಸವೇ ಹೋಯಿತು. 1829ರಲ್ಲಿ ಸಿಕಂದರ್ ಜಾಹ ತೀರಿಕೊಂಡು ನಾಸಿರುದ್ದೌಲ ನಿಜಾಮನಾದ. ತನ್ನ ರಾಜ್ಯದ ಆಡಳಿತದಿಂದ ಯುರೋಪಿನ ಅಧಿಕಾರಿಗಳನ್ನು ತೆಗೆಯಬೇಕೆಂದು ಅವನು ಕೇಳಿದ. ಟೇಲರ್ ಮತ್ತೆ ಪಲ್ಟನ್ನಿಗೆ ಮರಳಿದ. ಮುಂದೆ ಕಂಪನಿಯ ಅಧಿಕಾರಿ ಸ್ಲೀಮನ್ನನ ನೇತೃತ್ವದಲ್ಲಿ ಠಕ್ಕರ ಜಾಲ ಬಯಲಾದಾಗ ಆ ಗೌರವ ತನ್ನದಾಗಬಹುದಿತ್ತೆಂಬ ನೋವು ಆತ್ಮಕಥೆಯಲ್ಲಿ ಮುಚ್ಚಿಟ್ಟದ್ದಲ್ಲ. ಹೈದರಾಬಾದ್ ಕಡೆ ಠಕ್ಕರು ಸಿಕ್ಕಿಬಿದ್ದು ಮಾಫಿ ಸಾಕ್ಷಿಗಳಾದ ಮೇಲೆ ಅವರ ಹೇಳಿಕೆ ಬರೆದುಕೊಳ್ಳುವ ಕೆಲಸಕ್ಕೆ ತಾನಾಗಿ ಮುಂದೆ ಬಂದ. ದಿನಗಟ್ಟಲೆ ಕೂತು ಕೇಳಿದ, ಬರೆದುಕೊಂಡ.

ಹುಮನಾಬಾದಿನಲ್ಲಿ ಇಳಿದೆ. ವೀರಭದ್ರೇಶ್ವರನ ಗುಡಿಗೆ ಹೋಗಿ, ಅಲ್ಲಿಂದ ಮಾಣಿಕನಗರಕ್ಕೆ ನಡೆದೆ. ಮಾಣಿಕಪ್ರಭುಗಳು ಹುಟ್ಟಿದ್ದು 1817ರಲ್ಲಿ, ಸಮಾಧಿಯಾದದ್ದು 1865ರಲ್ಲಿ. ಟೇಲರ್ ಈ ಸೀಮೆಯಲ್ಲಿ ಕುದುರೆ ಓಡಿಸುತ್ತಿದ್ದಾಗ ಅವರು ಕಲ್ಯಾಣದ ಕಡೆಯ ಹಳ್ಳಿಯ ಹುಡುಗ. ಹಿಂದೂ, ಮುಸಲ್ಮಾನ ಎನ್ನದೆ ಜನ ಇವತ್ತಿಗೂ ಅವರ ಸಂಸ್ಥಾನಕ್ಕೆ ಬರುತ್ತಾರೆ. ನೆರಳಿನಲ್ಲಿ ಕೂತು ನಾನು ಪುಸ್ತಕ ತೆರೆದೆ. ಅದೇ ಜನ, ಅದೇ ಕಾಲ. ಒಬ್ಬರು ದಾರಿಹೋಕರಿಗೆ ಊಟ ಹಾಕುವ ಜಾಗ ಕಟ್ಟಿದರು. ಇನ್ನೊಬ್ಬ ದಾರಿಹೋಕರನ್ನು ಕೊಂದವರ ಕಥೆ ಬರೆದು ಹೆಸರಾದ. ಈ ದಾರಿಯ ನೆನಪಿನಲ್ಲಿ ಎರಡಕ್ಕೂ ಜಾಗ ಬೇಕು.

ಹೆಸರು ತಂದ ಆ ಪುಸ್ತಕ ‘ಕನ್ಫೆಷನ್ಸ್ ಆಫ್ ಎ ಥಗ್’. ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿದ್ದಾಗ, 1839ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ವಿಕ್ಟೋರಿಯಾ ರಾಣಿ ಪುಸ್ತಕ ಹೊರಬರುವ ತನಕ ಕಾಯದೆ ಅಚ್ಚಿನ ಹಾಳೆಗಳನ್ನೇ ತರಿಸಿಕೊಂಡು ಓದಿದಳೆಂದು ಆತ ಬರೆದುಕೊಂಡಿದ್ದಾನೆ. ಕಥೆ ಹೇಳುವವನು ಅಮೀರ್ ಅಲಿ ಎಂಬ ಠಕ್ಕ. ಕೇಳುವವನು ಒಬ್ಬ ಸಾಹೇಬ. ಸಾಹೇಬ ಹೆಚ್ಚು ಮಾತಾಡುವುದಿಲ್ಲ. ಅಮೀರ್ ಅಲಿ ತನ್ನ ಬಾಲ್ಯ, ಮೊದಲ ಕೊಲೆ, ಪ್ರೀತಿ, ಮಗು, ದಾರಿಯಲ್ಲಿ ಸಿಕ್ಕವರ ಸೊಗಸು, ಅವರನ್ನು ಮುಗಿಸಿದ ಕೈಚಳಕ ಎಲ್ಲವನ್ನೂ ಹೇಳುತ್ತ ಹೋಗುತ್ತಾನೆ. ಕೋರ್ಟಿನ ಹೇಳಿಕೆಯ ಆಕಾರವೇ ಕಾದಂಬರಿಯ ಆಕಾರ. ಸಾಕ್ಷಿ ಹೇಳುತ್ತಾನೆ, ಅಧಿಕಾರಿ ಬರೆದುಕೊಳ್ಳುತ್ತಾನೆ. ಕಚೇರಿ ಕೊಟ್ಟ ಒಂದು ಬರವಣಿಗೆಯ ರೂಪವನ್ನು ಟೇಲರ್ ತೆಗೆದುಕೊಂಡ. ‘ಇಂಥ ದಿನ, ಇಂಥ ಜಾಗ, ಇಷ್ಟು ಜನ’ ಎಂಬ ಪಟ್ಟಿಗೆ ನಿಲ್ಲಬೇಕಿದ್ದ ರೂಪದೊಳಗೆ ಒಬ್ಬ ಮನುಷ್ಯನ ಇಡೀ ಆಯುಷ್ಯ ತುಂಬಿದ. ಕೊಲೆಗಾರನ ಮಾತು ಕೇಳುತ್ತ ಕೇಳುತ್ತ ಓದುವವನಿಗೆ ಅವನ ಮೇಲೆ ಅಕ್ಕರೆ ಹುಟ್ಟುತ್ತದೆ, ಮರುಕ್ಷಣ ಆ ಅಕ್ಕರೆಗೆ ನಾಚಿಕೆಯೂ ಆಗುತ್ತದೆ. ಇದು ಸಣ್ಣ ಪ್ರತಿಭೆಯಿಂದ ಆಗುವ ಕೆಲಸವಲ್ಲ.

ಆದರೆ ಈ ಕಾದಂಬರಿಯಿಂದ ಆದ ಹಾನಿಯನ್ನೂ ಹೇಳಲೇಬೇಕು. ಇಂಗ್ಲಿಷ್ ಓದುವ ಜಗತ್ತಿಗೆ ನಮ್ಮ ದಾರಿಗಳೆಂದರೆ ರುಮಾಲು ಹಿಡಿದ ಕೈಗಳು ಎಂಬ ಚಿತ್ರವನ್ನು ಗಟ್ಟಿ ಮಾಡಿದ್ದರಲ್ಲಿ ಇದರ ಪಾಲು ದೊಡ್ಡದು. ಠಕ್ಕರ ಪಂಥ, ಅವರ ದೇವಿ, ಅವರ ಶಕುನಗಳು ಎಂದು ಆಗಿನ ಅಧಿಕಾರಿಗಳು ಬರೆದಿಟ್ಟದ್ದರಲ್ಲಿ ನಿಜವೆಷ್ಟು, ಆಳುವವರ ಭಯ ಮತ್ತು ಅಗತ್ಯ ಕಟ್ಟಿದ್ದೆಷ್ಟು ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಪ್ರಾಣ ಉಳಿಸಿಕೊಳ್ಳಲು ಮಾಫಿ ಸಾಕ್ಷಿಯಾದವನು ಕೇಳುವವನಿಗೆ ಬೇಕಾದದ್ದನ್ನು ಹೇಳುತ್ತಾನೆ. ಟೇಲರ್ ಬಹಳ ಚೆನ್ನಾಗಿ ಕೇಳಿಸಿಕೊಂಡ. ಅವನೆದುರು ಕೂತವನ ಕಾಲಿಗೆ ಬೇಡಿ ಇತ್ತು ಎಂಬುದನ್ನು ಮಾತ್ರ ನಾವು ಮರೆಯಬಾರದು.

ಹುಮನಾಬಾದಿನ ಹತ್ತಿರದ ಜಲಸಂಗಿಗೆ ಒಂದು ಸುತ್ತು ಹಾಕಿ ಬಂದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದ ಗುಡಿ. ಹೊರಗೋಡೆಯ ತುಂಬ ಮದನಿಕೆಯರು. ಅವರಲ್ಲಿ ಒಬ್ಬಳು ಬೆನ್ನು ತಿರುಗಿಸಿ ನಿಂತು, ಕೈಯೆತ್ತಿ ಕಲ್ಲಿನ ಮೇಲೆ ಅಕ್ಷರ ಬರೆಯುತ್ತಿದ್ದಾಳೆ. ಜನ ಅವಳನ್ನು ಶಾಸನಬಾಲಿಕೆ ಎನ್ನುತ್ತಾರೆ. ಬರೆದದ್ದು ವಿಕ್ರಮಾದಿತ್ಯನ ಹೊಗಳಿಕೆ. ಮೈಯ ಬಳುಕು, ಬೆರಳಿನ ಹಿಡಿತ, ಅಕ್ಷರದ ಸಾಲು ಮೂರೂ ಒಂದೇ ಉಳಿಯಿಂದ ಬಂದಿವೆ. ಹತ್ತಿರ ನಿಂತು ನೋಡಿದರೆ ಶಿಲ್ಪಿಯ ಮನಸ್ಸು ಪೂರ್ತಿ ಇದ್ದದ್ದು ರಾಜನ ಬಿರುದಿನಲ್ಲಲ್ಲ, ಬರೆಯುವ ಆ ಹೆಣ್ಣಿನಲ್ಲಿ ಎಂದು ಗೊತ್ತಾಗುತ್ತದೆ.

ಬಸವಕಲ್ಯಾಣಕ್ಕೆ ಹೋಗಲು ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿ ಬಿಡಬೇಕು. ಕೋಟೆ ಹೊರಗಿನಿಂದ ದೊಡ್ಡದಾಗಿ ಕಾಣುವುದಿಲ್ಲ. ಕಂದಕ ದಾಟಿ, ಒಂದರ ಹಿಂದೊಂದು ಬಾಗಿಲು ಹಾಯ್ದು ಒಳಗೆ ಹೋದಂತೆ ಅದರ ಬಲ ತಿಳಿಯುತ್ತದೆ. ಈಗ ಕಾಣುವ ಗೋಡೆ, ಬುರುಜುಗಳಲ್ಲಿ ಬಹಳಷ್ಟು ಚಾಲುಕ್ಯರ ನಂತರ ಆಳಿದವರು ಕಟ್ಟಿದ್ದು. ಆದರೂ ಕಲ್ಯಾಣ ಎಂದೊಡನೆ ಕನ್ನಡಿಗರ ಮನಸ್ಸು ಓಡುವುದು ಹನ್ನೆರಡನೆಯ ಶತಮಾನಕ್ಕೇ.

ಆಡಳಿತದ ಕೆಲಸದಲ್ಲಿದ್ದುಕೊಂಡು ಬರೆದವರ ಸಾಲು ಈ ಊರಿನ ಜೊತೆ ಗಟ್ಟಿಯಾಗಿ ಹೊಂದಿಕೊಂಡಿದೆ. ಕನ್ನಡದ ಪಂಚತಂತ್ರ ಬರೆದ ದುರ್ಗಸಿಂಹ ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ. ಅಂದರೆ ಇಂದಿನ ವಿದೇಶಾಂಗ ಖಾತೆಯವನು. ಕಲ್ಯಾಣದ ಸಿಂಹಾಸನದ ಮೇಲೆ ಕೂತ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ‘ಮಾನಸೋಲ್ಲಾಸ’ ಬರೆದ. ಅದರಲ್ಲಿ ರಾಜನೀತಿಯ ಜೊತೆಗೆ ಅಡುಗೆಯಿದೆ, ಆಟವಿದೆ, ಆನೆ ಹಿಡಿಯುವ ಬಗೆಯಿದೆ. ಆಳುವವನೊಬ್ಬ ಅಡುಗೆಮನೆಯ ಒಗ್ಗರಣೆಯನ್ನೂ ಬರೆದಿಡಬೇಕಾದ ವಿಷಯವೆಂದು ತಿಳಿದದ್ದು ನನಗೆ ಬಹಳ ಮೆಚ್ಚುಗೆ. ಆರನೆಯ ವಿಕ್ರಮಾದಿತ್ಯನ ಆಸ್ಥಾನದ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ಪಾಲು, ವಾರಸುದಾರಿಕೆಯ ವ್ಯಾಜ್ಯಗಳಿಗೆ ಬ್ರಿಟಿಷರ ಕಾಲದ ಕೋರ್ಟುಗಳಲ್ಲೂ ಆ ಗ್ರಂಥವೇ ಆಧಾರವಾಯಿತು.

ಇವರೆಲ್ಲರಿಗಿಂತ ಬೇರೆಯಾಗಿ ನಿಲ್ಲುವವರು ಬಸವಣ್ಣನವರು. ಬಿಜ್ಜಳನ ಕೈಕೆಳಗೆ ಕರಣಿಕರಾಗಿ ಸೇರಿ, ಲೆಕ್ಕ ನೋಡಿ, ಭಂಡಾರಿಯಾದವರು ಎಂದು ಅವರ ಚರಿತೆಗಳು ಹೇಳುತ್ತವೆ. ದಿನವೂ ಕೈಯಲ್ಲಿ ಹಿಡಿದದ್ದು ಲೆಕ್ಕದ ಓಲೆ. ವಚನಗಳನ್ನು ಓದುವಾಗ ನನಗೆ ಯಾವಾಗಲೂ ಆ ಲೆಕ್ಕಿಗನ ಕಣ್ಣು ಕಾಣುತ್ತದೆ. ಒಂದು ಮಾತೂ ಹೆಚ್ಚಿಗೆ ಬೀಳುವುದಿಲ್ಲ. ಕೊಟ್ಟದ್ದು, ಕೊಂಡದ್ದು, ಕದ್ದದ್ದು, ಉಳಿದದ್ದು ಎಲ್ಲಕ್ಕೂ ಜಮಾಖರ್ಚು ಇದೆ, ಮತ್ತು ಮೊದಲು ತಪಾಸಣೆಗೆ ನಿಲ್ಲುವವರು ಸ್ವತಃ ಬಸವಣ್ಣನವರೇ. ಅವರ ಚರಿತೆಯನ್ನು ರಗಳೆಯಲ್ಲಿ ಹಾಡಿದ ಹರಿಹರ ಕೂಡ ದೋರಸಮುದ್ರದಲ್ಲಿ ಕರಣಿಕನಾಗಿದ್ದು ಕೆಲಸ ಬಿಟ್ಟು ಹಂಪೆಗೆ ಹೋದವನೆಂಬ ಪ್ರತೀತಿಯಿದೆ. ಒಬ್ಬ ಕರಣಿಕನ ಕಥೆಯನ್ನು ಇನ್ನೊಬ್ಬ ಕರಣಿಕ ಬರೆದ ಎಂಬುದನ್ನು ನೆನೆದು ಕೋಟೆಯ ಗೋಡೆಗೆ ಒರಗಿ ಬಹಳ ಹೊತ್ತು ಕೂತಿದ್ದೆ.

ಟೇಲರನನ್ನು ಬಸವಣ್ಣನವರ ಪಕ್ಕಕ್ಕೆ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಆದರೆ ಒಂದೇ ದಾರಿಯಲ್ಲಿ ಇಬ್ಬರೂ ಸಿಗುವಾಗ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಬಸವಣ್ಣನವರು ಯಾರ ಬಗ್ಗೆ ಮಾತಾಡಿದರೋ ಅವರಿಗೇ ಹೇಳಿದರು, ಅವರ ಭಾಷೆಯಲ್ಲಿ. ಮಾದಾರ, ಡೋಹಾರ, ಅಂಬಿಗ, ಮಡಿವಾಳ ಎದುರು ಕೂತು ಉತ್ತರವನ್ನೂ ಕೊಟ್ಟರು, ತಮ್ಮ ವಚನಗಳನ್ನೂ ಬರೆದರು. ಟೇಲರ್ ಇಲ್ಲಿಯವರ ಬಗ್ಗೆ ಬರೆದದ್ದು ಏಳು ಸಮುದ್ರದಾಚೆಯವರಿಗೆ. ಅವನ ಪುಟಗಳಲ್ಲಿ ಓಡಾಡುವ ಪಟೇಲ, ಸಾಹುಕಾರ, ಯಾತ್ರಿಕ, ವಿಧವೆ ಯಾರೂ ಆ ಪುಸ್ತಕ ಓದಲಿಲ್ಲ. ತಪ್ಪು ಬರೆದಿದ್ದೀರಿ ಎಂದು ಹೇಳುವ ಅವಕಾಶವೇ ಅವರಿಗಿರಲಿಲ್ಲ. ಕಲ್ಯಾಣದಲ್ಲಿ ಕೂತು ನೋಡಿದರೆ ಇದು ದೊಡ್ಡ ಕೊರತೆಯಾಗಿ ಕಾಣುತ್ತದೆ.

ಮತ್ತೆ ಹೆದ್ದಾರಿಗೆ ಬಂದು ಪಶ್ಚಿಮಕ್ಕೆ ಹೊರಟೆ. ಉಮರ್ಗಾ ಬರುವ ಮೊದಲೇ ಮಹಾರಾಷ್ಟ್ರ ಸುರುವಾಗುತ್ತದೆ. ಬೋರ್ಡಿನ ಲಿಪಿ ಬದಲಾಗುತ್ತದೆ. ಹೊಲ, ಮನೆ, ರೊಟ್ಟಿ, ಶೇಂಗಾ ಹಿಂಡಿ ಬದಲಾಗುವುದಿಲ್ಲ.

ನಳದುರ್ಗದ ಕೋಟೆ ಬೋರಿ ಹೊಳೆಯ ತಿರುವಿನಲ್ಲಿದೆ. ಇಮ್ಮಡಿ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ ಹೊಳೆಗೆ ಅಡ್ಡಲಾಗಿ ಒಂದು ಕಟ್ಟೆ ಕಟ್ಟಿ, ಕಟ್ಟೆಯ ಹೊಟ್ಟೆಯೊಳಗೇ ಒಂದು ಮಹಲು ಮಾಡಿದ್ದಾರೆ. ಮಳೆಗಾಲದಲ್ಲಿ ನೀರು ಕಟ್ಟೆಯ ಮೇಲಿಂದ ಧುಮುಕುವಾಗ ಒಳಗೆ ಕೂತವರ ಕಿಟಕಿಯ ಮುಂದೆ ಪರದೆ ಇಳಿಬಿಟ್ಟಂತೆ ನೀರು. ಮೆಟ್ಟಿಲಿಳಿದು ಒಳಗೆ ನಿಂತರೆ ಗೋಡೆ ತಣ್ಣಗೆ ಕೈಗೆ ಹತ್ತುತ್ತದೆ. 1853ರ ಒಪ್ಪಂದದಲ್ಲಿ ನಿಜಾಮ ಸಾಲಕ್ಕೆ ಬದಲಾಗಿ ಬೆರಾರ್, ರಾಯಚೂರು ದೋಆಬ್, ನಳದುರ್ಗ ಸೀಮೆಗಳನ್ನು ಕಂಪನಿಯ ಕೈಗೆ ಒಪ್ಪಿಸಿದಾಗ ಟೇಲರ್ ಇಲ್ಲಿಗೆ ಡೆಪ್ಯುಟಿ ಕಮಿಷನರ್ ಆಗಿ ಬಂದ. ನಾಲ್ಕು ವರ್ಷ ಹೊಲ ಅಳೆಸಿದ, ರಸ್ತೆ ಮಾಡಿಸಿದ, ಕಂದಾಯ ಗೊತ್ತುಮಾಡಿದ. ಭೂಮಾಪನವನ್ನು ತಾನೇ ಕಲಿತು ಊರಿನ ಹುಡುಗರಿಗೆ ಕಲಿಸಿದ. ಮನ್ನಾಏಖೇಳ್ಳಿಯ ಕಾಕಾ ಇದ್ದಿದ್ದರೆ ಇಬ್ಬರಿಗೂ ಮಾತಾಡಲು ಬಹಳ ಇರುತ್ತಿತ್ತು.

ನಳದುರ್ಗದಲ್ಲಿ ಕೂತಿದ್ದಾಗಲೂ ಟೇಲರನ ಮನಸ್ಸು ಇದ್ದದ್ದು ಸುರಪುರದಲ್ಲಿ. ಆ ಕಥೆ ನಮ್ಮದು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1841ರಲ್ಲಿ ರಜೆಯಿಂದ ಮರಳಿದ ಟೇಲರನನ್ನು ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟ್ ಫ್ರೇಸರ್ ಸುರಪುರಕ್ಕೆ ಕಳಿಸಿದ. ಬೇಡ ನಾಯಕರ ಸಂಸ್ಥಾನ. ಸಾಲದಲ್ಲಿ ಮುಳುಗಿತ್ತು. ರಾಜ ಕೃಷ್ಣಪ್ಪ ನಾಯಕ ತೀರಿಕೊಂಡ ಮೇಲೆ ರಾಣಿ ಈಶ್ವರಮ್ಮ ಒಂದು ಕಡೆ, ಬಂಧುಗಳು ಒಂದು ಕಡೆ, ನಡುವೆ ಎಳೆಯ ವೆಂಕಟಪ್ಪ ನಾಯಕ. ಸಂಸ್ಥಾನದ ಆಡಳಿತ ಟೇಲರನ ಕೈಗೆ ಬಂತು. ಸಾಲ ತೀರಿಸಿದ. ಬೋನಾಳದ ಕೆರೆ ಹಿಗ್ಗಿಸಿದ; ಇವತ್ತು ಅಲ್ಲಿಗೆ ಹಕ್ಕಿ ನೋಡಲು ಜನ ಹೋಗುತ್ತಾರೆ. ರಾಜನ ಕೋಳೂರು, ವಿಭೂತಿಹಳ್ಳಿ, ಜೇವರ್ಗಿಯ ಕಡೆ ಸಾಲುಗಲ್ಲು, ಕಲ್ಗೋರಿಗಳನ್ನು ಅಳೆದು, ಅಗೆದು, ಚಿತ್ರ ಬರೆದು, ದಕ್ಷಿಣದ ಬೃಹತ್ ಶಿಲಾ ಸಮಾಧಿಗಳ ಬಗ್ಗೆ ಮೊದಮೊದಲ ಲೇಖನಗಳನ್ನು ಪ್ರಕಟಿಸಿದ. ಇದೇ ಕಾಲದಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೂ ಬರೆಯುತ್ತಿದ್ದ. ಹೆಂಡತಿ ಮೇರಿ ಇಲ್ಲದಂತಾದದ್ದು ಈ ವರ್ಷಗಳಲ್ಲೇ. ಅವಳು ಹೈದರಾಬಾದಿನ ಲೇವಾದೇವಿಗಾರ ವಿಲಿಯಂ ಪಾಮರನ ಮನೆಯ ಹೆಣ್ಣು. ಆ ಪಾಮರನ ತಾಯಿ ಮುಸಲ್ಮಾನ ಮನೆತನದವಳು. ಸೀಮೆಯ ಜನ ಟೇಲರನನ್ನು ಮಹಾದೇವ ಬಾಬಾ ಎಂದರು. ಹುಡುಗ ವೆಂಕಟಪ್ಪ ಅವನನ್ನು ಕರೆಯುತ್ತಿದ್ದದ್ದು ‘ಅಪ್ಪಾ’ ಎಂದು.

1853ರಲ್ಲಿ ವಯಸ್ಸಿಗೆ ಬಂದ ರಾಜನಿಗೆ ಸಂಸ್ಥಾನ ಒಪ್ಪಿಸಿ ಟೇಲರ್ ನಳದುರ್ಗಕ್ಕೆ ಬಂದ. 1857ರಲ್ಲಿ ಉತ್ತರ ಹೊತ್ತಿಕೊಂಡಾಗ ಬೆರಾರಿಗೆ ವರ್ಗವಾಯಿತು. 1858ರ ಫೆಬ್ರುವರಿಯಲ್ಲಿ ಸುರಪುರ ಎದ್ದಿತು. ಕಾಳಗದಲ್ಲಿ ನ್ಯೂಬೆರಿ ಎಂಬ ಅಧಿಕಾರಿ ಸತ್ತ. ಸುತ್ತಲಿಂದ ಸೈನ್ಯ ಬರುವುದನ್ನು ಕಂಡು ವೆಂಕಟಪ್ಪ ನಾಯಕ ಹೈದರಾಬಾದಿಗೆ ಹೋದ, ಅಲ್ಲಿ ಸೆರೆಸಿಕ್ಕ. ಟೇಲರ್ ಸೆರೆಮನೆಗೆ ಹೋಗಿ ಅವನನ್ನು ಕಂಡ. ಹುಡುಗ ಅಪ್ಪಿಕೊಂಡು ಅತ್ತ. ಸಾಯಲೇಬೇಕಾದರೆ ಗಲ್ಲಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಎಂದು ಕೇಳಿಕೊಂಡನಂತೆ. ಶಿಕ್ಷೆ ಇಳಿಯುತ್ತ ಇಳಿಯುತ್ತ ಕಡೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಗೆ ಬಂದು ನಿಂತಿತು. ಅದನ್ನು ಅನುಭವಿಸಲು ಹೋಗುವ ದಾರಿಯಲ್ಲೇ ಗುಂಡು ಹಾರಿ ರಾಜ ಸತ್ತ. ಪಿಸ್ತೂಲು ಕಾವಲಿನ ಅಧಿಕಾರಿಯದು. ಇಪ್ಪತ್ತನಾಲ್ಕರ ಗಂಡಾಂತರ ಜಾತಕದಲ್ಲೇ ಇತ್ತೆಂದು ಪುರೋಹಿತರು ತನಗೆ ಎಷ್ಟೋ ವರ್ಷ ಮೊದಲೇ ತಿಳಿಸಿದ್ದರೆಂದು ಟೇಲರ್ ಬರೆಯುತ್ತಾನೆ. 1860ರಲ್ಲಿ ಸುರಪುರ ನಿಜಾಮನ ರಾಜ್ಯಕ್ಕೆ ಸೇರಿಹೋಯಿತು.

ಕನ್ನಡಿಗರಿಗೆ ವೆಂಕಟಪ್ಪ ನಾಯಕ ಸ್ವಾತಂತ್ರ್ಯಕ್ಕೆ ಹೋರಾಡಿದ ದೊರೆ. ಟೇಲರನಿಗೆ ಅವನು ದಾರಿ ತಪ್ಪಿದ ಮಗ. ಜಾತಕದ ಆ ಮಾತಿನ ಹತ್ತಿರ ಬಂದಾಗಲೆಲ್ಲ ನಾನು ಪುಸ್ತಕ ಕೆಳಗಿಡುತ್ತೇನೆ. ಹುಡುಗನನ್ನು ಮುಗಿಸಿದ್ದು ಗ್ರಹಗತಿಯಲ್ಲ. ಟೇಲರ್ ಹಗಲಿರುಳು ದುಡಿದುಕೊಟ್ಟ ಆಳ್ವಿಕೆಯೇ ಅವನನ್ನು ಮುಗಿಸಿತು. ಅದನ್ನು ಹೇಳುವ ಧೈರ್ಯ ಅವನ ಲೇಖನಿಗೆ ಬರಲಿಲ್ಲ. ಆದರೆ ಸೆರೆಮನೆಯ ಭೇಟಿಯನ್ನು ಬಿಡದೆ ಬರೆದ. ಯಾವ ಸರ್ಕಾರಿ ವರದಿಯೂ ಹಿಡಿದಿಡದಿದ್ದ ಆ ಅಳು ಅವನ ಪುಟದಲ್ಲಿ ಉಳಿದಿದೆ. ನಮ್ಮ ಮಾಸ್ತಿಯವರೂ ಮೈಸೂರ ಸಿವಿಲ್ ಸರ್ವೀಸಿನಲ್ಲಿದ್ದವರು. ಕೊಡಗಿನ ಕೊನೆಯ ರಾಜನ ಪತನವನ್ನು ‘ಚಿಕವೀರ ರಾಜೇಂದ್ರ’ದಲ್ಲಿ ಬರೆದಾಗ ರಾಜನ ತಪ್ಪು, ಕಂಪನಿಯ ಲೆಕ್ಕಾಚಾರ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ನೋಡಿದರು. ಟೇಲರನಿಗೆ ಆ ದೂರ ಸಾಧ್ಯವಿರಲಿಲ್ಲ. ಅವನು ಆ ಕಥೆಯ ಒಳಗೇ ಒಂದು ಪಾತ್ರ.

1860ರಲ್ಲಿ ಮೈ ಸೋತು, ನೆನಪು ಕೈಕೊಡುತ್ತ, ಟೇಲರ್ ಇಂಗ್ಲೆಂಡಿಗೆ ಮರಳಿದ. ಆಮೇಲೆ ಬಂದವು ‘ತಾರಾ’ (1863), ‘ರಾಲ್ಫ್ ಡಾರ್ನೆಲ್’ (1865), ‘ಸೀತಾ’ (1872). ಒಂದೊಂದರ ಕಥೆಯ ಕಾಲಕ್ಕೂ ನಡುವೆ ನೂರು ವರ್ಷದ ಅಂತರ: 1657ರ ಮರಾಠರ ಏಳಿಗೆ, 1757ರ ಪ್ಲಾಸಿ, 1857ರ ದಂಗೆ. ‘ತಾರಾ’ ಕಾದಂಬರಿಯ ನಾಯಕಿ ತುಳಜಾಪುರದ ಬಾಲವಿಧವೆ. ‘ಸೀತಾ’ದಲ್ಲಿ ಅಕ್ಕಸಾಲಿಗರ ಮನೆಯ ವಿಧವೆಯನ್ನು ಒಬ್ಬ ಇಂಗ್ಲಿಷ್ ಅಧಿಕಾರಿ ಮದುವೆಯಾಗುತ್ತಾನೆ. ಆಗಿನ ಇಂಗ್ಲಿಷ್ ಓದುಗರಿಗೆ ಅದು ಜೀರ್ಣವಾಗುವ ಸಂಗತಿಯಲ್ಲ. ಹದಿನೆಂಟರ ವಯಸ್ಸಿನಲ್ಲಿ ಕುದುರೆಯ ಮೇಲಿಂದ ನೋಡಿದ ಘಟ್ಟ, ಗುಡಿ, ಜಾತ್ರೆಗಳು ಐವತ್ತು ದಾಟಿದ ಮೇಲೆ ಪುಟಕ್ಕೆ ಬಂದವು. ಕೆಲಸದಲ್ಲಿದ್ದಾಗ ಬರೆದದ್ದು ಎರಡೇ ಕಾದಂಬರಿ, ಅವೂ ರಜೆಯ ಕಾಲಕ್ಕೆ ಅಚ್ಚಾದವು. ಉಳಿದದ್ದೆಲ್ಲ ಕುದುರೆ, ಕಚೇರಿ, ಕಟ್ಟಳೆ ಎಲ್ಲ ಬಿಟ್ಟ ಮೇಲಿನ ಫಸಲು.

1875ರಲ್ಲಿ ನಿಜಾಮನ ದಿವಾನ ಸಾಲಾರ್ ಜಂಗ್ ಕರೆಸಿಕೊಂಡನೆಂದು ಮತ್ತೊಮ್ಮೆ ಹೈದರಾಬಾದಿಗೆ ಬಂದ. ಅಲ್ಲಿ ಜ್ವರ ಬಿದ್ದು ಕಣ್ಣು ಹೋದವು. ತಿರುಗಿ ಹೋಗುವಾಗ ಫ್ರಾನ್ಸಿನ ಮಾಂತೋನಿನಲ್ಲಿ 1876ರ ಮೇ 13ರಂದು ತೀರಿಕೊಂಡ. ಮರುವರ್ಷ ಮಗಳು ಆಲಿಸ್ ಆತ್ಮಕಥೆಯನ್ನು ಅಚ್ಚು ಮಾಡಿಸಿದಳು. ಚಾಂದಬೀಬಿಯ ಕುರಿತ ‘ಎ ನೋಬಲ್ ಕ್ವೀನ್’ ಅದರ ಮುಂದಿನ ವರ್ಷ ಪುಸ್ತಕವಾಯಿತು.

ಸೋಲಾಪುರದ ಬಸ್ಸಿಗೆ ಕಾಯುತ್ತ, ಈ ಭಾಗದ ಕಚೇರಿಗಳಲ್ಲಿ ಕೆಲಸ ಮಾಡುವ ಗೆಳೆಯರಿಗೆ ಟೇಲರನನ್ನು ಎಲ್ಲಿಂದ ಓದಲು ಹೇಳಬೇಕು ಎಂದು ಯೋಚಿಸಿದೆ. ಠಕ್ಕನ ಕಾದಂಬರಿಯಿಂದ ಬೇಡ. ಆತ್ಮಕಥೆಯಲ್ಲಿ ಸುರಪುರದ ಅಧ್ಯಾಯಗಳನ್ನು ಮೊದಲು ಓದಲಿ, ಆಮೇಲೆ ಸದಾಶಿವಪೇಟೆ–ತುಳಜಾಪುರದ ಆರಂಭದ ಭಾಗ, ಕಡೆಗೆ ಕಾದಂಬರಿಗಳು. ಮನ್ನಾಏಖೇಳ್ಳಿಯ ಕಾಕಾ ಅವರ ಫೋನ್ ನಂಬರು ಬರೆದುಕೊಂಡಿದ್ದೇನೆ. ಮುಂದಿನ ಸಲ ಆ ಕಡೆ ಹೋದಾಗ ಅವರು ಹೊಲ ಅಳೆದ ಊರುಗಳಿಗೆ ಅವರನ್ನೂ ಕರೆದುಕೊಂಡು ಹೋಗಬೇಕು, ಪಂಚನಾಮೆಯಲ್ಲಿ ಬರೆಯದೆ ಬಿಟ್ಟದ್ದನ್ನು ಕೇಳಿ ಬರೆದುಕೊಳ್ಳಬೇಕು.